ಒಂದು ಗೇಣು ದಾರಿ

ಹಿಮಿ ಊರಿನ ಮೀನುಕಟ್ಟೆಯ ಹಿಂದಿನ ಓಣಿಯಲ್ಲಿ
ಬಲ್ಬು, ಬ್ಯಾಟರಿ, ರೈಸ್ ಕುಕ್ಕರು ಮಾರುತ್ತ
ಕೆಟ್ಟದ್ದನ್ನು ಬಿಚ್ಚಿ ನೋಡುವವನು ನಾನು.
ಬಿಚ್ಚಿದ್ದೆಲ್ಲ ಸರಿಹೋಗುತ್ತದೆಂದು ಬೋರ್ಡಿನಲ್ಲಿ ಬರೆಸಿಲ್ಲ.

ಕಿನುಯೊ ರೆಕಾರ್ಡರು ಹೊತ್ತು ತಂದಳು,
ಅವಳ ಕ್ಷೌರದಂಗಡಿಯ ಟವಲಿನಲ್ಲಿ ಸುತ್ತಿ,
ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿ.
ಹದಿನೆಂಟು ವರ್ಷದ ಯಂತ್ರ. ಒಳಗೆ ಉಳಿಸಿಕೊಂಡದ್ದು ಒಂದೇ:
ಚಳಿಗಾಲದ ಹರಾಜು, ಜಿಲ್ಲೆಯ ಸುದ್ದಿ, ನಾಲ್ಕು ನಿಮಿಷ.
ಅದರಲ್ಲಿ ಅವಳ ಗಂಡ ಹೇಸಾಕು
ಬುರಿ ಮೀನುಗಳ ಉದ್ದ ಸಾಲಿನ ನಡುವೆ ನಿಂತು
ಬೆಲೆ ಕೂಗುತ್ತಾನೆ.

‘ಇನ್ನೊಂದು ಪ್ರತಿ ಇಲ್ಲವೆ?’ ಕೇಳಿದೆ.
‘ಯಂತ್ರ ಬಿಟ್ಟಿದ್ದರೆ ತಾನೆ.’

ಗೊತ್ತಿತ್ತು. ನಾನೇ ಮಾರಿದ್ದು.
ಆ ಕಾಲದ ಕರಾರು ಹಾಗೆ:
ಹಿಡಿದಿಟ್ಟದ್ದು ಒಂದೇ ಕಡೆ ಇರತಕ್ಕದ್ದು.
ತಟ್ಟೆಗೆ ಬರೆಯುತ್ತ ಹೋದಂತೆ ಇಲ್ಲಿ ಅಳಿಯುತ್ತ ಬರುತ್ತದೆ,
ಮನೆ ಖಾಲಿ ಮಾಡುವವರು ಒಂದೊಂದೇ ಕೋಣೆಯ ದೀಪ
ಆರಿಸುತ್ತ ಹೊರಬಂದ ಹಾಗೆ.
ನಡುವೆ ಕರೆಂಟು ಹೋಯಿತೋ
ಅಲ್ಲೂ ಇಲ್ಲ, ಇಲ್ಲೂ ಇಲ್ಲ.
ಆ ಗುಂಡಿಯನ್ನು ಅವಳು ಒತ್ತಲೇ ಇಲ್ಲ.

ಬಿಚ್ಚಿದೆ. ಡಿಸ್ಕು ಗಟ್ಟಿಯಾಗಿದೆ, ಬೋರ್ಡು ಸಾಯುತ್ತಿದೆ.
ಬೋರ್ಡು ಬದಲಿಸಿದರೆ ಡಿಸ್ಕಿಗೆ ಗುರುತು ಸಿಗುವುದಿಲ್ಲ;
ಬೀಗದಕೈ ಹಳೆಯದರ ಹೊಟ್ಟೆಯಲ್ಲೇ.
ತಂತಿಯ ತುದಿಗೆ ಬೇರೆ ಪೆಟ್ಟಿಗೆ ಸಿಕ್ಕಿಸಿ ನೋಡಿದೆ.
ಎರಡೂ ಕಡೆ ಗುಟ್ಟಿನ ಮಾತಾಯಿತು:
ನೀನು ಯಾರು? ನಮ್ಮವನೇ?
ಅಲ್ಲವೆಂದು ತಿಳಿದು ಪರದೆ ಕಪ್ಪಾಯಿತು.

ಅವರು ಚಾಪೆಯ ಕೆಳಗೆ ತೂರಿದರೆ
ರಂಗೋಲಿಯ ಕೆಳಗೆ ತೂರಲು ನನಗೆ ಬರುವುದಿಲ್ಲ.
ಬರುವುದು ಬೆಳಕಿಗೆ.
ಎಷ್ಟೇ ಬೀಗ ಜಡಿಯಲಿ, ಕೊನೆಗೆ ಚಿತ್ರವನ್ನು
ಯಾರಿಗೋ ತೋರಿಸಲೇಬೇಕಲ್ಲ.
ಗಾಜಿನಿಂದ ಕಣ್ಣಿನವರೆಗಿನ ಆ ಒಂದು ಗೇಣು ದಾರಿಗೆ
ಅಗಳಿ ಮಾಡಿದವರು ಇನ್ನೂ ಹುಟ್ಟಿಲ್ಲ.

ಸಂಜೆ ಅವಳ ಮನೆಗೇ ಹೋದೆ.
ಅಂಗಡಿಯ ಹೇರ್ ಡ್ರೈಯರಿನಿಂದ ಬೋರ್ಡಿಗೆ ಬಿಸಿ ಕೊಟ್ಟಳು,
ಗಿರಾಕಿಯ ಕಿವಿ ಸುಡದಂತೆ ಹಿಡಿಯುವ ಅದೇ ಅಳತೆಯಲ್ಲಿ.
ಹಸಿರು ದೀಪ ಹತ್ತಿತು.
ಟೀವಿಯ ಮುಂದೆ ಎರಡು ಅಕ್ಕಿಡಬ್ಬಿ, ಅದರ ಮೇಲೆ ನನ್ನ ಫೋನು.

ಓಹ್, ಎಷ್ಟು ಸ್ಪಷ್ಟ!
ಮೀನಿನ ಪಕ್ಕೆಯ ಹಳದಿ ಗೆರೆ,
ಹೇಸಾಕುವಿನ ಕೈಗವಸಿನ ಬಿಚ್ಚಿದ ಹೊಲಿಗೆ,
ಬಾಯಿಂದ ಹೊರಟ ಹಬೆ ದೀಪಕ್ಕೆ ತಾಗಿ ಕರಗುವುದು.
ಮತ್ತೆ ಆ ದನಿ:
ಅಂಕಿಗಳನ್ನು ಅಗಿದು ಉಗಿಯುವ ಒರಟು ದನಿ.

ಬಾಗಿಲು ಸರಿಯಿತು. ಹೇಸಾಕುವೇ.
ಕೊರಳ ತೂತಿನ ಮೇಲೆ ತೆಳುಬಟ್ಟೆ;
ಆಪರೇಷನ್ ಆಗಿ ಹತ್ತು ವರ್ಷ.
ನಾನು ತಿರುಗಿಯೂ ನೋಡದೆ ಬೆರಳು ತುಟಿಗಿಟ್ಟು
‘ಶ್!’ ಎಂದೆ.

ದನಿಯಿಲ್ಲದವನಿಗೆ.

ಕಿನುಯೊಳ ಕೈಯ ಡ್ರೈಯರು ಅಲುಗಲಿಲ್ಲ.
ಅವನು ಚಪ್ಪಲಿ ಬಿಟ್ಟು ಬಂದು ನನ್ನ ಪಕ್ಕ ಕೂತ.
ನಕ್ಕನೋ ಕೆಮ್ಮಿದನೋ, ಗಾಳಿ ಸುಯ್ಯೆಂದಿತು.
ಪರದೆಯವನು ಒಂದು ಬೆಲೆ ಕೂಗುವಷ್ಟರಲ್ಲಿ
ಇವನ ಗೆಣ್ಣು ಮೇಜಿನ ಮೇಲೆ ಟಕ್ ಎಂದಿರುತ್ತಿತ್ತು,
ಪ್ರತಿ ಸಲವೂ ಅರೆಗಳಿಗೆ ಮುಂಚೆ.

ನನ್ನ ನಕಲು ಕೆಟ್ಟದಾಗಿದೆ.
ಪರದೆಯ ಉದ್ದಕ್ಕೂ ಕಾಮನಬಿಲ್ಲಿನ ಪಟ್ಟೆ,
ಮೂಲೆಯಲ್ಲಿ ಟ್ಯೂಬ್‌ಲೈಟು, ಗಾಜಿನಲ್ಲಿ ಮೂರು ತಲೆ,
ಡ್ರೈಯರಿನ ಮೊರೆತ.
ಮೀನಿನ ಹಳದಿ ಗೆರೆ ಕಾಣಿಸುವುದೇ ಇಲ್ಲ.
ಬೇಕಾದರೆ ಶಬ್ದ ತೆಗೆಯಬಲ್ಲೆ, ಎಂದೆ.
ಇಬ್ಬರೂ ಬೇಡವೆಂದು ತಲೆಯಾಡಿಸಿದರು.

ನಾಲ್ಕನೆಯ ನಿಮಿಷಕ್ಕೆ ಹಸಿರು ದೀಪ ಆರಿತು, ಮತ್ತೆ ಹತ್ತಲಿಲ್ಲ.
ಬಿಲ್ಲಿನಲ್ಲಿ ಬರೆದೆ: ದುರಸ್ತಿ ಆಗಲಿಲ್ಲ.
ಹೇಸಾಕು ಪೆನ್ನು ಕಸಿದುಕೊಂಡು ಕೆಳಗೆ
ತಾನೇ ಒಂದು ಬೆಲೆ ಬರೆದ,
ನನ್ನ ಮುಖ ನೋಡಿ
ಅದನ್ನು ಹೊಡೆದುಹಾಕಿ ಏರಿಸಿದ,
ಮತ್ತೆ ಏರಿಸಿದ.